ಅಂಗನವಾಡಿಯ ಬಸ್ಸಿಗೆ ನೀವೂ ಹತ್ತಿ

"ನಮ್ ಮಗು ದಿನವೆಲ್ಲ ಆಡ್ಕೊಂಡೇ ಇರುತ್ತೆ, ಒಂದಕ್ಷರ ಕಲೀಲಿಲ್ಲ" ಎಂಬುದು ಒಂದು ದೂರು. "ಆಡೋಕೆ ಬಿಟ್ರೆ ಐದು ನಿಮಿಷಕ್ಕೆ ಕಿತ್ತಾಡಿ ಮೊಬೈಲ್ ಕೇಳುತ್ತೆ" ಎಂಬುದು ಇನ್ನೊಂದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಅಂಗನವಾಡಿ ಟೀಚರ್‌ಗಳಿಗೆ ಎರಡೂ ಹೊಸದಲ್ಲ. ಕಾನ್ವೆಂಟಿನ ಹಳದಿ ವ್ಯಾನು ಊರೊಳಗೇ ಬಂದು ನಿಲ್ಲುವ ಈ ಕಾಲದಲ್ಲಿ, ಪಕ್ಕದ ಮನೆಯ ಮಗು ಇಂಗ್ಲಿಷ್ ಅಕ್ಷರ ಒಪ್ಪಿಸುವುದನ್ನು ಕೇಳಿದ ತಾಯಿಗೆ ತನ್ನ ಮಗು ಚಿಪ್ಪಿನಲ್ಲಿ ಮಣ್ಣು ಕಲಸಿ ಸಾರು ಬಡಿಸುವುದು ಕಾಲಹರಣವಾಗಿ ಕಂಡರೆ ಆಶ್ಚರ್ಯವಿಲ್ಲ. ಅಪ್ಪ-ಅಮ್ಮನ ಆಟ, ಅಡುಗೆ ಆಟ, ಮೇಷ್ಟ್ರಾಟ, ಬಸ್ಸಾಟ, ಅಂಗಡಿ ಆಟ ಹೀಗೆ ಮಗು ತಾನಲ್ಲದ ಇನ್ನೊಬ್ಬರಾಗುವ ಆಟಗಳನ್ನೆಲ್ಲ ಇಲ್ಲಿ ಪಾತ್ರದಾಟ ಎಂದು ಕರೆಯೋಣ. ಅದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಂದು ಅವರಷ್ಟಕ್ಕೆ ಬಿಟ್ಟುಬಿಟ್ಟರೆ ಎಲ್ಲ ಮಕ್ಕಳಲ್ಲೂ ಅದು ಬೆಳೆಯುವುದೂ ಇಲ್ಲ. ದೊಡ್ಡವರು ಆಟದೊಳಗೆ ಒಂದು ಚಿಕ್ಕ ಪಾತ್ರ ಹಿಡಿದು ಹೋಗಬೇಕು, ಆಟ ಓಡತೊಡಗಿದ ಕೂಡಲೇ ಹೊರಗೆ ಬರಬೇಕು. ಹೇಳುವುದಕ್ಕೆ ಇಷ್ಟೇ. ಎಡವುವ ಜಾಗಗಳು ಮಾತ್ರ ಬಹಳ ಇವೆ.

ಮೊದಲು ಒಂದೆರಡು ಮಾತು ಹಿನ್ನೆಲೆಗೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರ. ಶಾಲಾಪೂರ್ವ ಶಿಕ್ಷಣ ಆ ಯೋಜನೆಯ ಆರು ಸೇವೆಗಳಲ್ಲಿ ಒಂದು. ಆದರೆ ಊಟ, ತೂಕ, ಚುಚ್ಚುಮದ್ದಿನ ಲೆಕ್ಕ ಕೇಳಿದಷ್ಟು ಕಟ್ಟುನಿಟ್ಟಾಗಿ ಆಟದ ಲೆಕ್ಕವನ್ನು ಮೇಲಿನವರು ಕೇಳಿದ್ದಿಲ್ಲ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಕೆ ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಕಾಗದ ಈಗ ಆಟದ ಪರವಾಗಿದೆ; ಒಪ್ಪಿಸಬೇಕಾಗಿರುವುದು ಮನೆಯವರನ್ನು.

ಈ ಆಟದಿಂದ ಆಗುವುದೇನು?

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಕೋಲನ್ನು ಕುದುರೆ ಮಾಡಿಕೊಂಡ ಮಗುವಿನ ಉದಾಹರಣೆ ಕೊಡುತ್ತಾನೆ. ಕಣ್ಣಿಗೆ ಕಾಣುವುದು ಕೋಲು, ಮನಸ್ಸು ನಡೆಸುವುದು ಕುದುರೆಯನ್ನು. ವಸ್ತುವಿನಿಂದ ಅದರ ಅರ್ಥವನ್ನು ಬಿಡಿಸಿ ಬೇರೆಡೆ ಇಡುವ ಈ ಶಕ್ತಿಯೇ ಮುಂದೆ ಅಕ್ಷರ ಕಲಿಯುವಾಗ ಬೇಕಾಗುವುದು. ಹಾಳೆಯ ಮೇಲಿನ ಒಂದು ಡೊಂಕು ಗೆರೆ 'ಅ' ಎಂಬ ದನಿಗೆ ನಿಂತಿದೆ ಎಂದು ಒಪ್ಪಿಕೊಳ್ಳುವುದೂ ಕೋಲನ್ನು ಕುದುರೆ ಎಂದು ಒಪ್ಪಿಕೊಳ್ಳುವುದೂ ಒಂದೇ ಬಗೆಯ ಕೆಲಸ. ಆತನ ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ಪಾತ್ರದಾಟ ಮನಸ್ಸಿಗೆ ಬಂದಂತೆ ಆಡುವ ಆಟವಲ್ಲ, ಅದರ ತುಂಬ ನಿಯಮಗಳಿವೆ. ನಮ್ಮ ಕಡೆಯ ಬಸ್ಸಾಟವನ್ನೇ ನೋಡಿ. ಆರು ವರ್ಷದೊಳಗಿನ ಈ ಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಆದರೂ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಆಧಾರ್ ಕಾರ್ಡ್ ತೋರಿಸುವುದು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುವುದು, ಗಂಡಸರು ಮಾತ್ರ ದುಡ್ಡು ಕೊಡುವುದು ಇವರಿಗೆ ಚೆನ್ನಾಗಿ ಗೊತ್ತು. ಈಗ ಆಟದಲ್ಲಿ ಒಬ್ಬ ಹುಡುಗ ಟವೆಲನ್ನು ಸೆರಗಿನಂತೆ ಹೊದ್ದು ಅಜ್ಜಿಯಾಗಿ ಹತ್ತಿದರೆ ಅವನಿಗೆ ಟಿಕೆಟ್ ಫ್ರೀಯೋ, ದುಡ್ಡೋ? ಫ್ರೀ ಎಂದೇ ಆಗಬೇಕು, ಏಕೆಂದರೆ ಅವನು ಈಗ ಅಜ್ಜಿ. ತಾನು ಹುಡುಗ ಎಂಬುದು ನೆನಪಿರುವಾಗಲೇ ಪಾತ್ರದ ನಿಯಮಕ್ಕೆ ತಲೆಬಾಗುವ ಈ ವ್ಯವಹಾರವನ್ನು ನಾಲ್ಕು ವರ್ಷದ ಮಗುವಿಗೆ ಪಾಠ ಮಾಡಿ ತಿಳಿಸಲು ಹೊರಟರೆ ಯಾರಿಂದಲೂ ಆಗದು.

ನಿಯಮ ಪಾಲಿಸುವುದರ ಬಗ್ಗೆ ಒಂದು ಹಳೆಯ ಪ್ರಯೋಗವಿದೆ. ಸೋವಿಯತ್ ಸಂಶೋಧಕಿ ಮನುಯಿಲೆಂಕೊ 1948ರಲ್ಲಿ ಪ್ರಕಟಿಸಿದ್ದು. ಚಿಕ್ಕ ಮಕ್ಕಳಿಗೆ 'ಅಲುಗಾಡದೆ ನಿಲ್ಲು' ಎಂದಾಗ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಟದಲ್ಲಿ ಕಾವಲುಗಾರನ ಪಾತ್ರ ಕೊಟ್ಟಾಗ ಅದಕ್ಕಿಂತ ಬಹಳ ಹೆಚ್ಚು ಹೊತ್ತು ನಿಂತರು. 2017ರಲ್ಲಿ ಅಮೆರಿಕದಲ್ಲಿ 4 ಮತ್ತು 6 ವರ್ಷದವರಿಗೆ ಒಂದು ಬೇಸರದ ಕೆಲಸ ಕೊಟ್ಟು ನೋಡಿದಾಗಲೂ ಬ್ಯಾಟ್‌ಮ್ಯಾನ್‌ನಂಥ ಪಾತ್ರ ಹೊಕ್ಕ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ಕೂತಲ್ಲಿ ಕೂರದ ಮಗು ಬಸ್ಸಿನ ಡ್ರೈವರ್ ಆದಾಗ ಸೀಟು ಬಿಟ್ಟು ಏಳದಿರುವುದಕ್ಕೆ ಕಾರಣ ಇಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಆಟದ ಹೆಸರಿನಲ್ಲಿ ಈಗ ಬೇಕಾದಷ್ಟು ವ್ಯಾಪಾರ ನಡೆದಿದೆ. ಪಾತ್ರದಾಟ ಆಡಿಸಿದರೆ ಮಗುವಿನ ಬುದ್ಧಿ ಚುರುಕಾಗುತ್ತದೆ, ಐಕ್ಯೂ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2013ರಲ್ಲಿ ಸಂಶೋಧಕಿ ಆ್ಯಂಜಲೀನ್ ಲಿಲಾರ್ಡ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಬುದ್ಧಿಮತ್ತೆಗೂ ಸೃಜನಶೀಲತೆಗೂ ಈ ಆಟವೇ ಕಾರಣ ಎನ್ನಲು ಗಟ್ಟಿ ಆಧಾರವಿಲ್ಲ ಎಂದರು. ಭಾಷೆ, ಕಥೆ ಕಟ್ಟುವಿಕೆ, ಭಾವನೆಗಳ ಹತೋಟಿಯ ವಿಷಯದಲ್ಲಿ ಆಟ ನೆರವಾಗುತ್ತಿರಬಹುದು, ಇನ್ನೂ ಒಳ್ಳೆಯ ಸಂಶೋಧನೆ ಬೇಕು ಎಂಬಲ್ಲಿಗೆ ನಿಲ್ಲಿಸಿದರು. ನನ್ನ ಮಟ್ಟಿಗೆ ಇಷ್ಟು ಸಾಕು. ಒಂದು ಪೈಸೆ ಖರ್ಚಿಲ್ಲದೆ, ಮಗು ತಾನೇ ಬಯಸಿ, ಉದ್ದುದ್ದ ಮಾತಾಡುವ, ತನ್ನ ಸರದಿಗೆ ಕಾಯುವ, ಇನ್ನೊಬ್ಬರ ಮಾತಿಗೆ ತಕ್ಕಂತೆ ತನ್ನ ಮಾತು ಬದಲಿಸುವ ಇನ್ನೊಂದು ಚಟುವಟಿಕೆ ಆ ವಯಸ್ಸಿನಲ್ಲಿ ಸಿಗುವುದು ಕಷ್ಟ. ಸ್ಲೇಟು ಹಿಡಿದು ಸಾಲಾಗಿ ಕೂತ ಮಕ್ಕಳು ಟೀಚರ್ ಹೇಳಿದ್ದನ್ನು ಮರುನುಡಿಯುತ್ತಾರೆ, ಅಷ್ಟೆ.

ಹಾಗಾದರೆ ದೊಡ್ಡವರು ಏಕೆ ಕೈಹಾಕಬೇಕು, ತಾವೇ ಆಡಿಕೊಳ್ಳಲಿ ಬಿಡಿ ಎನ್ನಬಹುದು. ಇಸ್ರೇಲಿನ ಸಾರಾ ಸ್ಮಿಲಾನ್‌ಸ್ಕಿ 1968ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೇ ಸಂಬಂಧಿಸಿದ್ದು. ಬಡ ವಲಸಿಗ ಕುಟುಂಬಗಳ ಮಕ್ಕಳಲ್ಲಿ ಒಂದು ಗುಂಪನ್ನು ಆಸ್ಪತ್ರೆ, ಅಂಗಡಿ ಎಂದು ಸುತ್ತಾಡಿಸಿ ಅನುಭವ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಟೀಚರ್ ಆಟದೊಳಗೇ ಸೇರಿ ನೆರವಾದರು. ಮೂರನೆಯದಕ್ಕೆ ಎರಡನ್ನೂ ಕೊಟ್ಟರು. ಬರೀ ಸುತ್ತಾಟದಿಂದ ಆಟ ಬೆಳೆಯಲಿಲ್ಲ. ಟೀಚರ್ ಸೇರಿದಲ್ಲಿ ಬೆಳೆಯಿತು. ಎರಡೂ ಸಿಕ್ಕವರಲ್ಲಿ ಅತಿ ಹೆಚ್ಚು. ಆಮೇಲಿನ ಸಂಶೋಧಕರು ಇದಕ್ಕೆ ಸರಿಯಾದ ತಕರಾರನ್ನೇ ಎತ್ತಿದರು: ಬಡ ಮಕ್ಕಳಿಗೆ ಆಡಲು ಬರುವುದಿಲ್ಲ ಎಂದು ತೀರ್ಮಾನಿಸಬೇಡಿ, ಅಪರಿಚಿತ ಕೋಣೆಯಲ್ಲಿ ಅವರು ಆಡದೆ ಸುಮ್ಮನಿರಬಹುದು. ಎಚ್.ಡಿ. ಕೋಟೆಯ ಹಾಡಿಗಳ ವಿಷಯದಲ್ಲಿ ಈ ತಕರಾರನ್ನು ನೆನಪಿಟ್ಟುಕೊಳ್ಳಬೇಕು. ಜೇನುಕುರುಬರ ಮಗು ಹಾಡಿಯ ಮರದಡಿ ಇಡೀ ಬೆಳಿಗ್ಗೆ ಆಡಬಲ್ಲದು, ಕೇಂದ್ರದ ನಾಲ್ಕು ಗೋಡೆಯೊಳಗೆ ಬಂದು ಮೂಲೆ ಹಿಡಿಯಬಹುದು. ಕೊರತೆ ಮಗುವಿನದಲ್ಲ, ಕೋಣೆಯದು.

ಮಾಡುವ ಬಗೆ

1. ಮೊದಲು ಸಮಯ ಬಿಡಿಸಿಡಿ. ಪಾತ್ರ ಹಂಚಿಕೊಳ್ಳುವುದಕ್ಕೇ, "ನಾನು ಡ್ರೈವರು", "ಇಲ್ಲ, ನಿನ್ನೆ ನೀನೇ ಆಗಿದ್ದೆ" ಎಂಬ ಪಂಚಾಯಿತಿಗೇ ಹತ್ತು-ಹದಿನೈದು ನಿಮಿಷ ಹೋಗುತ್ತದೆ. ಅಷ್ಟರಲ್ಲಿ "ಆಟ ಸಾಕು, ಊಟಕ್ಕೆ ಕೂತ್ಕಳಿ" ಎಂದರೆ ಮಕ್ಕಳು ಆಡಿದ್ದು ಜಗಳ ಮಾತ್ರ. 15 ನಿಮಿಷದ ಆಟವನ್ನೂ 30 ನಿಮಿಷದ ಆಟವನ್ನೂ ಹೋಲಿಸಿದ 1988ರ ಅಧ್ಯಯನವೊಂದರಲ್ಲಿ, ಗುಂಪಾಗಿ ಕಥೆ ಕಟ್ಟಿ ಆಡುವುದು ಹೆಚ್ಚು ಕಂಡದ್ದು ದೀರ್ಘ ಅವಧಿಯಲ್ಲಿ. ದಿನಕ್ಕೆ ಮುಕ್ಕಾಲು ಗಂಟೆ, ನಡುವೆ ತುಂಡಾಗದಂತೆ ಕೊಡಿ. ದಿನವೂ ಆಗದಿದ್ದರೆ ವಾರಕ್ಕೆ ಮೂರು ದಿನ ಪೂರ್ತಿ ಕೊಡುವುದು ಆರು ದಿನ ಚೂರುಚೂರು ಕೊಡುವುದಕ್ಕಿಂತ ಮೇಲು. ಹಾಜರಾತಿ, ಆ್ಯಪ್‌ಗೆ ಫೋಟೊ ಏರಿಸುವ ಕೆಲಸವನ್ನು ಈ ಹೊತ್ತಿಗೆ ಇಟ್ಟುಕೊಳ್ಳಬೇಡಿ.

2. ಕಂಡದ್ದನ್ನೇ ಆಡಿಸಿ. ಮಗು ತಾನು ನೋಡದ ವಿಮಾನ ನಿಲ್ದಾಣವನ್ನು ಆಡಲಾರದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಆಡಲು ಏನು ಕಡಿಮೆ? ವಾರದ ಸಂತೆ, ಡೇರಿಗೆ ಹಾಲು ಹಾಕುವುದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಜಿ, ಕೆ.ಆರ್. ನಗರ ಕಡೆ ಭತ್ತದ ನಾಟಿ, ಚುಂಚನಕಟ್ಟೆ ಜಾತ್ರೆಯ ದನದ ವ್ಯಾಪಾರ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹೊಗೆಸೊಪ್ಪಿನ ಹರಾಜು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಗಜಪಯಣ ಹೊರಡುವ ದಿನಗಳಲ್ಲಂತೂ ಪ್ರತಿ ಮಗುವಿಗೂ ಅಭಿಮನ್ಯುವೇ ಆಗಬೇಕು. 2020ರಿಂದ ಅಂಬಾರಿ ಹೊತ್ತ ಆನೆ ಅದು. ಒಂದು ಬಿದಿರು ಬುಟ್ಟಿ ಅಂಬಾರಿಯಾದರೆ ಆನೆ ಒಬ್ಬ, ಮಾವುತ ಒಬ್ಬ, ಕಬ್ಬು ತಿನ್ನಿಸುವವ ಒಬ್ಬ, ಪೊಲೀಸ್ ಒಬ್ಬ, ಉಳಿದವರೆಲ್ಲ ಜನ. ಇಂಥ ಜಾಗಕ್ಕೆ ಕರೆದೊಯ್ಯಲು ಆಗದಿದ್ದರೆ ಹಿಂದಿನ ದಿನ ಅದರ ಬಗ್ಗೆ ಮಾತಾಡಿ: ಅಲ್ಲಿ ಯಾರ‍್ಯಾರು ಇರುತ್ತಾರೆ, ಯಾರು ಏನು ಹೇಳುತ್ತಾರೆ, ಮೊದಲು ಏನಾಗುತ್ತದೆ. ಪಾತ್ರಗಳ ಹೆಸರು ಸಿಕ್ಕರೆ ಆಟ ಅರ್ಧ ಹುಟ್ಟಿದಂತೆ.

3. ಸಾಮಾನು ಕಡಿಮೆ ಇಡಿ, ವಯಸ್ಸು ನೋಡಿ ಇಡಿ. ಮೂರರ ಮಗುವಿಗೆ ಬಾಣಲೆ ಬಾಣಲೆಯಂತೆಯೇ, ಫೋನು ಫೋನಿನಂತೆಯೇ ಇರಬೇಕು. ಕೆಟ್ಟುಹೋದ ಹಳೆಯ ಬಟನ್ ಫೋನು ಅದಕ್ಕೆ ಸಾಕು. ಐದರ ಮಗುವಿಗೆ ರಟ್ಟಿನ ಡಬ್ಬವನ್ನು ಕೊಟ್ಟು ಸುಮ್ಮನಿರಿ, ಅದು ಅಡುಗೆಮನೆಯೋ ಬಸ್ಸೋ ಆನೆಯ ಲಾಯವೋ ಎಂದು ಅದೇ ಹೇಳಲಿ. ಹಳೆ ಸೀರೆ ತುಂಡು, ಟವೆಲು, ಗಾಜು ತೆಗೆದ ಕನ್ನಡಕದ ಫ್ರೇಮು, ತೆಂಗಿನ ಚಿಪ್ಪು, ಜೋಳದ ಬೆಂಡು, ಬಳಸಿದ ಬಸ್ ಟಿಕೆಟ್ಟುಗಳ ಕಟ್ಟು, ಖಾಲಿ ಸೋಪಿನ ಡಬ್ಬ ಇಷ್ಟಿದ್ದರೆ ಸಂಸಾರ ನಡೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಎರಡು ವಾರ ಬಸ್ಸು, ಆಮೇಲೆ ಎರಡು ವಾರ ಸಂತೆ, ಹೀಗೆ ಆಟದ ಮೂಲೆಯನ್ನು ಬದಲಿಸಿ. ಅಡುಗೆ-ಮನೆಯ ಸಾಮಾನು ಮಾತ್ರ ವರ್ಷಪೂರ್ತಿ ಇರಲಿ, ಏಕೆಂದರೆ ಹೊಸದಾಗಿ ಸೇರಿದ ಅಂಜುಬುರುಕ ಮಗು ಮೊದಲು ಹೋಗುವುದು ಅಲ್ಲಿಗೇ. ಬರವಣಿಗೆಯ ಸಾಮಾನನ್ನೂ ಒಂದಿಷ್ಟು ಸೇರಿಸಿ. ಡಾಕ್ಟರ್ ಚೀಟಿ ಬರೆಯಲಿ, ಡೇರಿಯವರು ಲೀಟರ್ ಗೀಚಲಿ. ಅಕ್ಷರ ಬರಲಿಲ್ಲ ಎಂದು ಕೊರಗುವ ತಾಯಿಗೆ ತೋರಿಸಲು ಆ ಗೀಚಿದ ಚೀಟಿಗಳನ್ನು ಎತ್ತಿಡಿ.

4. ಚಿಕ್ಕ ಪಾತ್ರದಲ್ಲಿ ಒಳಗೆ ಹೋಗಿ. ಎಲ್ಲಕ್ಕಿಂತ ಕಷ್ಟದ್ದು ಇದು. ಮಕ್ಕಳು ಬೆಂಚು ಜೋಡಿಸಿ ಬಸ್ಸು ಮಾಡಿಕೊಂಡಿದ್ದಾರೆ, ಆದರೆ ಡ್ರೈವರ್ 'ಬ್ರ್ರ್' ಎನ್ನುತ್ತಿದ್ದಾನೆ, ಮುಂದೇನೂ ಆಗುತ್ತಿಲ್ಲ, ಹಿಂದಿನ ಸೀಟಿನಲ್ಲಿ ತಳ್ಳಾಟ ಶುರುವಾಗಿದೆ. ಆಗ ಹೊರಗಿನಿಂದ "ಜಗಳ ಆಡ್ಬೇಡಿ, ಚೆನ್ನಾಗಿ ಆಡಿ" ಎಂದರೆ ಆಟ ಸತ್ತಿತು. ಬದಲಿಗೆ ಕೈಯಲ್ಲಿ ಒಂದು ಚೀಲ ಹಿಡಿದು ಬಸ್ಸಿನ ಬಾಗಿಲಿಗೆ ಹೋಗಿ, "ಕಂಡಕ್ಟರಣ್ಣ, ಈ ಬಸ್ಸು ಹಂಪಾಪುರಕ್ಕೆ ಹೋಗುತ್ತಾ?" ಎಂದು ಕೇಳಿ. ಕಂಡಕ್ಟರ್ ಯಾರೆಂದು ಅದುವರೆಗೆ ತೀರ್ಮಾನವಾಗಿರದಿದ್ದರೆ ಆ ಕ್ಷಣಕ್ಕೆ ಆಗಿಬಿಡುತ್ತದೆ. "ಹೋಗುತ್ತೆ, ಹತ್ತಿ" ಎಂದರೆ ಹತ್ತಿ, "ನನ್ ಕೋಳಿಗೂ ಟಿಕೆಟ್ ತಗೋಬೇಕಾ?" ಎಂದು ಒಂದು ತೊಡಕು ಹಾಕಿ. ಈಗ ಕಂಡಕ್ಟರ್ ಯೋಚಿಸಬೇಕು, ಡ್ರೈವರನ್ನು ಕೇಳಬೇಕು, ಪಕ್ಕದ ಪ್ರಯಾಣಿಕರು ತಮ್ಮ ಅಭಿಪ್ರಾಯ ಹೇಳಿಯೇ ಹೇಳುತ್ತಾರೆ. ಮಾತು ಹೊತ್ತಿಕೊಂಡಿತು ಎಂದು ಅನಿಸಿದ ಕೂಡಲೇ "ಹೋಲ್ಡಾನ್, ನಮ್ಮೂರು ಬಂತು" ಎಂದು ಇಳಿದುಬಿಡಿ. ಇಳಿಯುವುದನ್ನು ಮರೆತ ಟೀಚರ್ ಇಡೀ ಬಸ್ಸನ್ನು ತಾನೇ ಓಡಿಸುತ್ತಾರೆ. ಇದಕ್ಕೆ ಮೂರು ಸೂತ್ರ ಸಾಕು: ಎಂದೂ ಮುಖ್ಯ ಪಾತ್ರ ಹಿಡಿಯಬೇಡಿ, ರೋಗಿಯಾಗಿ, ಗಿರಾಕಿಯಾಗಿ, ನೆಂಟರಾಗಿ ಹೋಗಿ; ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಡಿ, "ಇದು ಯಾವ ಬಣ್ಣ?" ಎನ್ನುವ ಗಿರಾಕಿ ಯಾವ ಸಂತೆಯಲ್ಲೂ ಇಲ್ಲ; ಐದು ನಿಮಿಷ ಮೀರಬೇಡಿ.

5. ಆಟಕ್ಕೆ ಬಾರದ ಮಗುವನ್ನು ಎಳೆಯಬೇಡಿ, ಅದರ ಕೈಗೆ ಕೆಲಸ ಕೊಡಿ. ನಾಚುವ ಮಗುವಿಗೆ "ನೀನೂ ಆಡು ಹೋಗು" ಎಂಬುದು ಶಿಕ್ಷೆ. ಬಸ್ಸಿಗೆ ಹಾಕಬೇಕಾದ ಮೂಟೆಯನ್ನು ಅದರ ಕೈಲಿ ಕೊಟ್ಟು, "ಇದನ್ನು ಡ್ರೈವರಣ್ಣನಿಗೆ ಕೊಟ್ಟು ಬಾ" ಎನ್ನಿ. ಮನೆಮಾತು ಬೇರೆಯಿರುವಲ್ಲಿ, ಅದು ಜೇನುಕುರುಬರದೋ ಎರವರದೋ ಉರ್ದುವೋ ಆಗಿರಲಿ, ಬೈಲುಕುಪ್ಪೆಯ ಸುತ್ತಮುತ್ತ ಟಿಬೆಟನ್ ಆಗಿರಲಿ, ಆಟ ಆ ಮಾತಿನಲ್ಲೇ ನಡೆಯಲಿ. ಕನ್ನಡ ಆಟದೊಳಗೆ ತಾನಾಗಿ ಬರುತ್ತದೆ, ಏಕೆಂದರೆ ಕಂಡಕ್ಟರ್ ಕನ್ನಡದವನು ಎಂಬುದು ಆ ಮಕ್ಕಳಿಗೂ ಗೊತ್ತು.

6. ಮಗು ಹೇಳಿದ ಕಥೆಯನ್ನು ಬರೆದುಕೊಂಡು ಆಡಿಸಿ. ಅಮೆರಿಕದ ಶಿಶುವಿಹಾರ ಶಿಕ್ಷಕಿ ವಿವಿಯನ್ ಪೇಲಿ ಬೆಳೆಸಿದ ರೀತಿ ಇದು. ಒಂದು ಮಗು ಹೇಳುತ್ತದೆ, ಟೀಚರ್ ಅದರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ, ನಾಲ್ಕು ಸಾಲಾದರೂ ಸರಿ. ಆಮೇಲೆ ಎಲ್ಲರೂ ಸುತ್ತ ಕೂತಿರುವಾಗ ಟೀಚರ್ ಓದುತ್ತಾರೆ, ಹೇಳಿದ ಮಗುವೂ ಇತರರೂ ಆಡಿ ತೋರಿಸುತ್ತಾರೆ. ತಿದ್ದಬೇಡಿ, ನೀತಿ ಸೇರಿಸಬೇಡಿ. ತಾನು ಹೇಳಿದ್ದು ಹಾಳೆಯ ಮೇಲೆ ಕೂತು ಮತ್ತೆ ಅದೇ ಮಾತಾಗಿ ಹೊರಬರುವುದನ್ನು ನೋಡಿದ ಮಗುವಿಗೆ ಓದು ಎಂದರೇನು ಎಂದು ಬೇರೆ ಹೇಳಬೇಕಿಲ್ಲ. ಒಬ್ಬರೇ ಟೀಚರ್, ಇಪ್ಪತ್ತು ಮಕ್ಕಳು ಇದ್ದಲ್ಲಿ ದಿನಕ್ಕೊಂದೇ ಕಥೆ ಸಾಕು.

ಮನೆಯಲ್ಲಿ ಇದಕ್ಕಿಂತ ಸುಲಭ. ಅಡುಗೆ ಮಾಡುವಾಗ ಮಗು ಬಡಿಸಿದ ಗಾಳಿಯ ಮುದ್ದೆಯನ್ನು ಮುರಿದು ತಿನ್ನಿ, "ಸಾರಿಗೆ ಉಪ್ಪು ಕಡಿಮೆ ಆಯ್ತಲ್ಲವ್ವ" ಎನ್ನಿ, ನಿಮ್ಮ ಕೆಲಸ ಮುಂದುವರಿಸಿ. ಅಜ್ಜ-ಅಜ್ಜಿಯರು ಈ ವಿಷಯದಲ್ಲಿ ತಾಯ್ತಂದೆಯರಿಗಿಂತ ಒಳ್ಳೆಯ ನಟರು, ಅವರಿಗೆ ಅವಸರವಿಲ್ಲ. ಸಂಜೆ "ಇವತ್ತು ಏನು ಕಲಿತೆ?" ಎಂದು ಕೇಳುವ ಬದಲು "ಇವತ್ತು ನೀನು ಯಾರಾಗಿದ್ದೆ?" ಎಂದು ಕೇಳಿದರೆ ಉತ್ತರ ಉದ್ದ ಬರುತ್ತದೆ. ಮೊಬೈಲ್ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು. ಮೊಬೈಲ್ ಕಸಿದುಕೊಂಡ ಕೂಡಲೇ ಆಟ ಹುಟ್ಟುವುದಿಲ್ಲ, ಮೊದಲು ಅಳು, ಆಮೇಲೆ ಬೇಸರ, ಆ ಬೇಸರದ ಕೊನೆಯಲ್ಲಿ ಆಟ. ನಡುವಿನ ಬೇಸರವನ್ನು ನೀವು ಸಹಿಸಿಕೊಳ್ಳಬೇಕು.

ಎದುರು ಬರುವ ಮಾತುಗಳು

'ಇದು ಸುಳ್ಳು ಕಲಿಸಿದಂತಲ್ಲವೆ?' ಸುಳ್ಳು ಹೇಳುವವನು ಎದುರಿನವನು ನಂಬಲಿ ಎಂದು ಹೇಳುತ್ತಾನೆ. ಪಾತ್ರದಾಟದಲ್ಲಿ ಎದುರಿನವನಿಗೂ ಅದು ಆಟ ಎಂದು ಗೊತ್ತಿರಲೇಬೇಕು, ಇಲ್ಲದಿದ್ದರೆ ಆಟವೇ ನಡೆಯದು. ಮಣ್ಣಿನ ಮುದ್ದೆಯನ್ನು ನೀವು ನಿಜವಾಗಿ ಬಾಯಿಗಿಟ್ಟರೆ ಮಗುವೇ ಬೆಚ್ಚಿ ತಡೆಯುತ್ತದೆ. 'ಹಳ್ಳಿ ಮಕ್ಕಳಿಗೆ ನಿಜವಾದ ಕೆಲಸಗಳೇ ಸುತ್ತ ಇರುವಾಗ ನಟನೆ ಯಾಕೆ?' ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿಗೂ ಕಲ್ಪನೆಯ ಆಟಕ್ಕಿಂತ ನಿಜ ಕೆಲಸದ ಮೇಲೇ ನಂಬಿಕೆ ಇತ್ತು. ಲಿಲಾರ್ಡ್ ಮತ್ತು ಸಂಗಡಿಗರ 2018ರ ಅಧ್ಯಯನವೊಂದರಲ್ಲಿ 3ರಿಂದ 6 ವರ್ಷದವರಲ್ಲಿ ಹೆಚ್ಚಿನವರು ಸುಳ್ಳು ಕೆಲಸಕ್ಕಿಂತ ನಿಜ ಕೆಲಸವನ್ನೇ ಆರಿಸಿಕೊಂಡರು. ಹಾಗಾಗಿ ಮಗು ಅವರೆಕಾಯಿ ಸುಲಿಯಲು ಬಂದರೆ ಖಂಡಿತ ಸುಲಿಯಲಿ, ಆಟಕ್ಕೆ ಓಡಿಸಬೇಡಿ. ಆದರೆ ನಿಜ ಕೆಲಸದಲ್ಲಿ ಮಗುವಿಗೆ ಸಿಗುವುದು ಕೈಯಾಳಿನ ಪಾತ್ರ ಮಾತ್ರ. ಯಜಮಾನಿ, ಡಾಕ್ಟರು, ಹರಾಜು ಕೂಗುವವ, ಬೈಯುವ ಅತ್ತೆ ಆಗಲು ಆಟವೇ ಬೇಕು. ಎರಡನ್ನೂ ಕೊಡಬಲ್ಲ ಊರಿನಲ್ಲಿ ಒಂದನ್ನೇ ಯಾಕೆ ಆರಿಸಬೇಕು?

'ಮಕ್ಕಳು ಕೆಟ್ಟದ್ದನ್ನೇ ಆಡುತ್ತವೆ' ಎಂಬುದಕ್ಕೆ ನಿಧಾನವಾಗಿ ಉತ್ತರಿಸಬೇಕು. ಕುಡಿದು ತೂರಾಡುವ ಅಪ್ಪ, ಹೊಡೆತ, ಸಂಘದ ಸಾಲದ ಕಂತು ಕೇಳಲು ಬಂದವರು, ಹೆಣ ಎತ್ತುವುದು, ಹೊಲಕ್ಕೆ ನುಗ್ಗಿದ ಆನೆ, ದನ ಹಿಡಿದ ಹುಲಿ ಇವೆಲ್ಲ ಆಟಕ್ಕೆ ಬಂದೇ ಬರುತ್ತವೆ. ನಾಗರಹೊಳೆ ಅಂಚಿನ ಊರಿನ ಮಗು ಹುಲಿಯ ಆಟ ಆಡದಿದ್ದರೇ ವಿಚಿತ್ರ. ಹೆದರಿಸುವ ಸಂಗತಿಯನ್ನು ತನ್ನ ಹತೋಟಿಯಲ್ಲಿ, ಬೇಕೆಂದಾಗ ನಿಲ್ಲಿಸಬಹುದಾದ ರೂಪದಲ್ಲಿ ಮಗು ಮತ್ತೆ ಎದುರಿಸುತ್ತಿದೆ. ಬೈದು ನಿಲ್ಲಿಸಿದರೆ ಭಯ ಹೋಗುವುದಿಲ್ಲ, ನಿಮ್ಮೆದುರು ಆಡುವುದು ನಿಲ್ಲುತ್ತದೆ, ಅಷ್ಟೆ. ಮೊದಲು ನೋಡಿ. ಅರಣ್ಯ ಇಲಾಖೆಯವರಾಗಿಯೋ ಪಕ್ಕದ ಮನೆಯವರಾಗಿಯೋ ಒಳಹೊಕ್ಕು "ಏನಾಯ್ತು? ಯಾರಿಗಾದ್ರೂ ಪೆಟ್ಟಾಯ್ತಾ? ಯಾರನ್ನ ಕರೀಬೇಕು?" ಎಂದು ಕೇಳಿದರೆ ಕಥೆಗೆ ಹೊಸ ದಾರಿ ಸಿಗುತ್ತದೆ. ಆದರೆ ಒಂದು ಮಗು ವಾರಗಟ್ಟಲೆ ಒಂದೇ ಹೊಡೆತದ ದೃಶ್ಯವನ್ನು, ಬದಲಾವಣೆಯೇ ಇಲ್ಲದೆ, ಸಂತೋಷವೂ ಇಲ್ಲದೆ ಆಡುತ್ತಿದ್ದರೆ, ಅಥವಾ ಅದರ ವಯಸ್ಸಿಗೆ ತಿಳಿದಿರಬಾರದ ದೇಹದ ವಿವರಗಳು ಆಟದಲ್ಲಿ ಬಂದರೆ, ಅದನ್ನು ಆಟ ಎಂದು ಬಿಡಬೇಡಿ. ಮಗುವನ್ನು ಎಲ್ಲರೆದುರು ಪ್ರಶ್ನಿಸದೆ ಮೇಲ್ವಿಚಾರಕಿಯರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದಕ್ಕಾಗಿಯೇ ಇದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡದು, ಛದ್ಮವೇಷ ಸ್ಪರ್ಧೆಯನ್ನು ಪಾತ್ರದಾಟ ಎಂದುಕೊಳ್ಳುವುದು. ಒನಕೆ ಓಬವ್ವನ ಸೀರೆ ಬಿಗಿದೋ ರಾಜನ ಮೀಸೆ ಬರೆದೋ, ಮೂರು ಸಾಲು ಬಾಯಿಪಾಠ ಮಾಡಿಸಿ ಮೈಕಿನ ಮುಂದೆ ನಿಲ್ಲಿಸಿದ ಮಗು ಆಡುತ್ತಿಲ್ಲ, ಒಪ್ಪಿಸುತ್ತಿದೆ. ನಮ್ಮ ಕಡೆಯ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವ ದೊಡ್ಡವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದ, ಸೀಸ ಕಲಿಯುತ್ತಾರೆ. ಅದು ರಂಗಕಲೆ, ಅದರ ಘನತೆ ಬೇರೆ. ಮೈಸೂರು ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳೂ ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಒಳ್ಳೆಯವು. ನಾಲ್ಕರ ಮಗುವಿಗೆ ಪ್ರೇಕ್ಷಕರೇ ಬೇಡ. ಪ್ರೇಕ್ಷಕರು ಬಂದ ಕೂಡಲೇ ಅದು ಆಟ ಬಿಟ್ಟು ಅವರ ಮುಖ ನೋಡತೊಡಗುತ್ತದೆ, ಆದ್ದರಿಂದ ಆಟದ ನಡುವೆ ವಿಡಿಯೊ ಮಾಡುವುದೂ ಬೇಡ.

ಇನ್ನೊಂದು, ಪಾತ್ರಗಳನ್ನು ದೊಡ್ಡವರೇ ಹಂಚುವುದು. ಹಂಚಿದಾಗ ಹೆಣ್ಣುಮಕ್ಕಳೇ ಒಲೆಯ ಮುಂದೆ, ಮೇಲಿನ ಬೀದಿಯ ಮಗುವೇ ಯಜಮಾನ, ಕಾಲೊನಿಯ ಮಗುವೇ ಕಸ ಗುಡಿಸುವವ ಎಂದಾಗಿಬಿಡುವುದು ನಮಗೇ ಗೊತ್ತಾಗುವುದಿಲ್ಲ. ಮಕ್ಕಳು ತಾವೇ ಹಾಗೆ ಹಂಚಿಕೊಂಡರೂ ಸುಮ್ಮನೆ ಒಪ್ಪಬೇಕಿಲ್ಲ. ಹೊಸ ಪಾತ್ರ ಸೇರಿಸಿ, "ಈ ಊರಿಗೆ ಇನ್ನೊಬ್ಬರು ಡಾಕ್ಟರು ಬಂದಿದ್ದಾರಂತೆ" ಎಂದು ಅದೇ ಮಗುವಿನ ಹತ್ತಿರ ಹೋಗಿ ನಾಡಿ ತೋರಿಸಿ. ಗಂಡುಮಗು ಅಡುಗೆ ಆಟಕ್ಕೆ ಕೂತರೆ ನಗುವ ನೆಂಟರಿಗೆ, ಮೈಸೂರಿನ ಹೋಟೆಲುಗಳಲ್ಲಿ ಅಡುಗೆ ಮಾಡುವವರು ಯಾರು ಎಂದು ಕೇಳಿದರೆ ಸಾಕು.

ಎಚ್ಚರಿಕೆಗಳು

ಅಡುಗೆ ಆಟದಲ್ಲಿ ಮಕ್ಕಳು ಬೇಲಿಯಲ್ಲಿ ಸಿಕ್ಕಿದ್ದನ್ನೆಲ್ಲ ತರುತ್ತಾರೆ. ಹರಳು, ಕಾಡುಹರಳು, ಗುಲಗಂಜಿ, ಉಮ್ಮತ್ತಿ, ಕಣಗಿಲೆ ಇವೆಲ್ಲ ವಿಷ. ಕೇಂದ್ರದ, ಮನೆಯ ಸುತ್ತ ಇದ್ದರೆ ತೆಗೆಸಿ. ಕಾಯಿ ತಿಂದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ತಿಂದದ್ದರ ತುಂಡು ಹಿಡಿದು ಆಸ್ಪತ್ರೆಗೆ ಓಡಿ. ಹುಣಸೆಬೀಜ, ಅವರೆಕಾಳು ಮೂಗಿಗೆ, ಶ್ವಾಸನಾಳಕ್ಕೆ ಹೋಗುತ್ತವೆ. ಮೂರು ತುಂಬದ ತಮ್ಮ-ತಂಗಿಯರು ಜೊತೆಗಿದ್ದರೆ ಕಾಳಿನ ವ್ಯಾಪಾರ ಬೇಡ. ಔಷಧಿ ಅಂಗಡಿಯ ಖಾಲಿ ಬಾಟಲಿ ಎಷ್ಟೇ ಚಂದವಿದ್ದರೂ ಆಟಕ್ಕೆ ಬೇಡ, ಕೀಟನಾಶಕದ ಡಬ್ಬವಂತೂ ತೊಳೆದದ್ದೂ ಬೇಡವೇ ಬೇಡ. ಹೊಗೆಸೊಪ್ಪಿನ ಕಾಲದಲ್ಲಿ ಮನೆಮಂದಿಯೆಲ್ಲ ಕೆಲಸದಲ್ಲಿರುವಾಗ ಮಕ್ಕಳು ಸೊಪ್ಪು ಹದ ಮಾಡುವ ಬ್ಯಾರನ್ ಸುತ್ತ ಸೇರುತ್ತಾರೆ: ಒಳಗಿನ ಕೊಳವೆ ಸುಡುತ್ತದೆ, ಒದ್ದೆ ಹಸಿಸೊಪ್ಪನ್ನು ಹಿಡಿದರೆ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಸೊಪ್ಪಿನ ಆಟಕ್ಕೆ ಮುತ್ತುಗದ ಎಲೆಯೋ ಹಲಸಿನ ಎಲೆಯೋ ಇರಲಿ, ಜಾಗ ಬ್ಯಾರನ್‌ನಿಂದ ದೂರ ಇರಲಿ. ದನದ ಹಗ್ಗ ಕುತ್ತಿಗೆಗೆ ಹೋಗಬಾರದು. ಆನೆ-ಮಾವುತ ಆಟದಲ್ಲಿ ಹಗ್ಗದ ಬದಲು ಟವೆಲನ್ನು ಸೊಂಟಕ್ಕೆ ಸುತ್ತಲಿ. ಸೀರೆ ಒಂದೂವರೆ ಮೀಟರಿಗಿಂತ ಉದ್ದ ಬೇಡ. ನಾಲೆ, ಕೆರೆ, ಸಂಪಿನ ಹತ್ತಿರ ನೀರಿನ ಆಟ ದೊಡ್ಡವರ ಕಣ್ಣೆದುರಲ್ಲದೆ ಆಗದು.

ಮಗು ಎರಡು ವರ್ಷವಾದರೂ ಖಾಲಿ ಲೋಟದಲ್ಲಿ ಕುಡಿದಂತೆ, ಗೊಂಬೆಗೆ ಉಣ್ಣಿಸಿದಂತೆ ಒಮ್ಮೆಯೂ ಆಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳಿನಿಂದ ತೋರಿಸದಿದ್ದರೆ ಕಾಯುತ್ತಾ ಕೂರಬೇಡಿ. ಈ ಮೂರರಲ್ಲಿ ಒಂದು ಕಂಡರೂ ಪರೀಕ್ಷೆ ಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು, ಅವರಿಗೆ ತೋರಿಸಿ; ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ, ಬೆಳವಣಿಗೆ ಮೂರನ್ನೂ ನೋಡುತ್ತಾರೆ. ಬರೀ ಆಟ ಕಡಿಮೆ, ಉಳಿದದ್ದೆಲ್ಲ ಸರಿಯಿದೆ ಎಂದಾದರೆ ಗಾಬರಿ ಬೇಡ, ಕೆಲವು ಮಕ್ಕಳು ಕಟ್ಟುವುದನ್ನು, ಜೋಡಿಸುವುದನ್ನೇ ಹೆಚ್ಚು ಇಷ್ಟಪಡುತ್ತಾರೆ.

ಕೊನೆಗೆ, ಸಾಮಾನು ಸೇರಿಸುವ ಬಗ್ಗೆ. ಬಾಲವಿಕಾಸ ಸಮಿತಿಯ ಸಭೆಯಲ್ಲಿ ದುಡ್ಡು ಕೇಳಬೇಡಿ, ವಸ್ತು ಕೇಳಿ, ಒಬ್ಬೊಬ್ಬರಿಗೆ ಒಂದೊಂದು: ಒಬ್ಬರು ಹಳೆ ಸೀರೆ, ಒಬ್ಬರು ಕೆಟ್ಟ ರಿಮೋಟು, ಅಂಗಡಿಯವರು ರಟ್ಟಿನ ಡಬ್ಬ, ಬಸ್ಸಿನಲ್ಲಿ ಓಡಾಡುವವರು ತಿಂಗಳ ಟಿಕೆಟ್ಟುಗಳು. ಅದೇ ಸಭೆಯ ದಿನ ಒಂದು ಅಡುಗೆ ಆಟದ ಮೂಲೆ ಇಟ್ಟು, ತಾಯಂದಿರನ್ನು ಗಿರಾಕಿಗಳಾಗಿ ಹತ್ತು ನಿಮಿಷ ಕೂರಿಸಿ, ಮಕ್ಕಳೇ ಹೋಟೆಲ್ ನಡೆಸಲಿ. ಮಗು ಎಷ್ಟು ಮಾತಾಡುತ್ತದೆ, ಎಷ್ಟು ಲೆಕ್ಕ ಹಿಡಿಯುತ್ತದೆ ಎಂಬುದು ಅವರ ಕಿವಿಗೇ ಬೀಳಲಿ. ಆಟ ಮುಗಿದ ಮೇಲೆ ಸಾಮಾನು ಎತ್ತಿಡುವ ಕೆಲಸವೂ ಮಕ್ಕಳದೇ. ಅದಕ್ಕೆ ಹತ್ತು ನಿಮಿಷ ಮೊದಲೇ "ಹೋಟೆಲ್ ಬಾಗಿಲು ಹಾಕೋ ಹೊತ್ತಾಯ್ತು" ಎಂದು ಹೇಳಿಬಿಡಿ. ಜಾಗ ಸಾಲದೆ ಬಸ್ಸನ್ನು ಬಿಚ್ಚಲೇಬೇಕಾದರೆ, ಅದು ಎಲ್ಲಿಯವರೆಗೆ ಹೋಗಿತ್ತು ಎಂದು ಡ್ರೈವರನ್ನು ಕೇಳಿ ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಮಾರನೆಯ ದಿನ ಅಲ್ಲಿಂದಲೇ ಹೊರಡಬಹುದು.